ಬಾಯ್ಲರ್ ಬೋರಣ್ಣನ ಕೊನೆಯ ಕೂಗು

ನಮ್ಮ ಭಾವನಿಗೆ ಹಿರಿಯೂರಿನಲ್ಲಿ ಎರಡು ಹೆಸರು. ಮನೆಯವರಿಗೆ ಬೋರಣ್ಣ, ಊರಿನವರಿಗೆ ಬಾಯ್ಲರ್ ಬೋರಣ್ಣ. ಹರಿಯಬ್ಬೆಯ ಕುರುಬರ ಮನೆಯಲ್ಲಿ ಹುಟ್ಟಿ, ಮೀಸೆ ಬರುವ ತನಕ ಅಪ್ಪನ ಕುರಿಗಳ ಹಿಂದೆ ತಿರುಗಿದವನು ಅವನು. ಒಮ್ಮೆ ಕುರಿ ಮಾರಲು ಹಿರಿಯೂರಿಗೆ ಬಂದವನು ಶೇಂಗಾ ಎಣ್ಣೆ ಮಿಲ್ಲಿನ ಹೊಗೆ ಕೊಳವೆ ನೋಡಿ ಅಲ್ಲೇ ನಿಂತುಬಿಟ್ಟ. ಮೊದಲು ಬಾಯ್ಲರಿನ ಒಲೆಗೆ ಶೇಂಗಾ ಹೊಟ್ಟು ತುಂಬುವ ಕೆಲಸ. ಆಮೇಲೆ ಪರೀಕ್ಷೆ ಪಾಸಾಗಿ ಬಾಯ್ಲರಿಗೇ ಒಡೆಯನಾದ. ನಮ್ಮಕ್ಕ ಚಂದ್ರಕ್ಕನನ್ನು ಕೊಡುವಾಗ ನಮ್ಮಪ್ಪ, "ಹುಡುಗ ದಿನಪೂರ್ತಿ ಬೆಂಕಿ ಮುಂದೆ ಇರ್ತಾನೆ, ಮನೇಲಿ ತಣ್ಣಗಿರ್ತಾನೆ ಬಿಡು" ಎಂದಿದ್ದ. ಬಹಳ ವರ್ಷ ಆ ಮಾತು ನಿಜವಾಗಿಯೇ ಇತ್ತು.

ನಾನು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ರಜೆ ಬಂದರೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದೆ. ಭಾವ ನನ್ನನ್ನು ರೇಗಿಸದೆ ಅನ್ನ ತಿಂದ ದಿನವಿಲ್ಲ. "ಏನಪ್ಪ ಮೇಷ್ಟ್ರೇ, ನಿಮ್ಮ ಸ್ಕೂಲಿನ ಗಂಟೆ ಯಾವ ಮಕ್ಳಿಗೆ ಕೇಳುತ್ತೆ? ನಮ್ ಕೂಗು ನೋಡ್ರಿ, ಹೊಳೆ ಆಚೆಗೂ ಕೇಳುತ್ತೆ" ಎನ್ನುತ್ತಿದ್ದ. ಸುಳ್ಳೇನಲ್ಲ. ಬಾಯ್ಲರಿನ ನೆತ್ತಿಯಲ್ಲಿ ಒಂದು ಹಿತ್ತಾಳೆಯ ಸೀಟಿ ಇತ್ತು. ಸರಪಳಿ ಎಳೆದರೆ ಉಗಿ ನುಗ್ಗಿ ಕೂಗುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ, ಮಧ್ಯಾಹ್ನ ಊಟಕ್ಕೆ, ಸಂಜೆ ಮನೆಗೆ. ವೇದಾವತಿಯ ಆಚೆ ದಡದ ತೋಟದವರು ಆ ಕೂಗು ಕೇಳಿಯೇ ಬುತ್ತಿ ಬಿಚ್ಚುತ್ತಿದ್ದರು.

ರಂಜಾನ್ ತಿಂಗಳಲ್ಲಿ ಅದಕ್ಕೆ ಇನ್ನೊಂದು ಕೂಗು ಸೇರುತ್ತಿತ್ತು. ಮಸೀದಿಗೆ ಮೈಕು ಇಲ್ಲದ ಕಾಲದಲ್ಲಿ ಮಿಲ್ಲಿನ ದೊಡ್ಡ ಸಾಹುಕಾರರು ಶುರು ಮಾಡಿಸಿದ್ದ ಪದ್ಧತಿ ಅದು. ಹೊತ್ತು ಮುಳುಗಿದ ಕೂಡಲೇ ಒಂದು ಉದ್ದ ಕೂಗು, ಅದು ಕೇಳಿದ ಮೇಲೆ ಸಾಬರ ಕೇರಿಯವರು ಉಪವಾಸ ಬಿಡುವುದು. ಮೈಕು ಬಂದ ಮೇಲೂ ಅದು ನಿಲ್ಲಲಿಲ್ಲ. ಮಸೀದಿಯ ವೇಳಾಪಟ್ಟಿಯನ್ನು ಬಾಯ್ಲರ್ ಕೋಣೆಯ ಗೋಡೆಗೆ ಅಂಟಿಸಿದ್ದರೂ ಭಾವ ಕಾಗದವನ್ನು ಪೂರ್ತಿ ನಂಬುತ್ತಿರಲಿಲ್ಲ. ನೀರಿನ ಟ್ಯಾಂಕಿನ ಏಣಿ ಹತ್ತಿ, ಸೂರ್ಯ ಮರೆಯಾದದ್ದನ್ನು ಕಣ್ಣಾರೆ ಕಂಡು, ಇಳಿದು ಬಂದು ಸರಪಳಿ ಎಳೆಯುತ್ತಿದ್ದ.

"ಇಷ್ಟೊಂದು ನಿಗಾ ಯಾಕೆ ಭಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಗುಟುಕು ನೀರು ಕುಡೀದೆ ದಿನ ಕಳ್ದಿರ್ತಾರಪ್ಪ. ಚೂರು ಮುಂಚೆ ಕೂಗಿಸಿದ್ರೆ ಅಷ್ಟೂ ಮಣ್ಣುಪಾಲು. ತಡ ಆದ್ರೆ ಆಗ್ಲಿ, ಮುಂಚೆ ಆಗ್ಬಾರ್ದು."

ಈ ಮಾತನ್ನು ಅವನಿಗೆ ಕಲಿಸಿದವನು ದಸ್ತಗೀರ. ಮಿಲ್ಲಿನ ಫಿಟ್ಟರು, ಅಕ್ಕನ ಮನೆಯ ಎದುರು ಸಾಲಿನಲ್ಲೇ ವಾಸ, ಭಾವನಿಗೆ ಅಣ್ಣತಮ್ಮಂದಿರಿಗಿಂತ ಹತ್ತಿರ. ಕೂಗು ಕೇಳಿದ ಕೂಡಲೇ ದಸ್ತಗೀರ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ಹೆಂಡತಿ ಮಾಬುಬಿ ಕಾಯಿಸಿದ ಗಂಜಿಯನ್ನು ಸ್ಟೀಲಿನ ಡಬ್ಬಿಗೆ ಸುರಿದುಕೊಂಡು ಬಾಯ್ಲರ್ ಕೋಣೆಗೆ ನಡೆಯುತ್ತಿದ್ದ. ಕೂಗಿಸಿದವನು ತಿನ್ನದೆ ತಾನು ಊಟಕ್ಕೆ ಕೂರಬಾರದು ಎಂಬುದು ಅವನೇ ಮಾಡಿಕೊಂಡ ನೇಮ. ಇಬ್ಬರೂ ಹೊಟ್ಟಿನ ಮೂಟೆಯ ಮೇಲೆ ಕೂತು ಅದೇ ಡಬ್ಬಿಯಿಂದ ಕುಡಿಯುತ್ತಿದ್ದರು. ನಾನೂ ಒಂದೆರಡು ಸಲ ಪಾಲು ಕಿತ್ತುಕೊಂಡಿದ್ದೇನೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊರದೇಶದ ತಾಳೆ ಎಣ್ಣೆ ಹಡಗು ಹಡಗಾಗಿ ಬಂತು. ದೆಹಲಿಯಲ್ಲಿ ಯಾರೋ ಸುಂಕ ಇಳಿಸಿದರು, ಇಲ್ಲಿ ಶೇಂಗಾ ಎಣ್ಣೆ ಕೇಳುವವರಿಲ್ಲದಾಯಿತು. ಮಿಲ್ಲು ಎರಡು ಪಾಳಿಯಿಂದ ಒಂದಕ್ಕೆ ಬಂತು, ಆಮೇಲೆ ಸುಗ್ಗಿಯಲ್ಲಿ ಮಾತ್ರ, ಕೊನೆಗೆ ಅದೂ ಇಲ್ಲ. ಸಾಹುಕಾರರ ಮಗ ಗೇಟಿಗೆ ಬೀಗ ಹಾಕಿಸಿದ ದಿನ ಬಾಯ್ಲರ್ ಕೋಣೆಯ ಕೀಲಿಕೈಯನ್ನು ಭಾವನಿಗೆ ಕೊಟ್ಟು, "ಆಗಾಗ ಬಂದು ನೋಡ್ಕೋ ಬೋರಣ್ಣ, ತುಕ್ಕು ಹಿಡೀಬಾರ್ದು" ಎಂದನಂತೆ. ಅದು ಬಾಯಿಮಾತು. ಆ ಮಗ ಆಗಲೇ ಬೆಂಗಳೂರಿನಲ್ಲಿ ಬೇರೆ ವ್ಯಾಪಾರ ನೋಡಿಕೊಂಡಿದ್ದ. ನಮ್ಮ ಭಾವ ಮಾತ್ರ ಆ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಇವತ್ತಲ್ಲ ನಾಳೆ ಮಿಲ್ಲು ತೆಗೆಯುತ್ತದೆ ಎಂದೇ ಕೂತ. ವಾರಕ್ಕೊಮ್ಮೆ ಹೋಗಿ ಗ್ರೀಸು ಹಚ್ಚಿ ಬರುತ್ತಿದ್ದ. ಬೇರೆ ಕೆಲಸ ಹುಡುಕು ಅಂದರೆ ಮುಖ ತಿರುಗಿಸುತ್ತಿದ್ದ.

ದಸ್ತಗೀರ ಕೂರಲಿಲ್ಲ. ಅವನು ಮಿಲ್ಲಿನ ಗೇಟಿನ ಪಕ್ಕದಲ್ಲೇ ಒಂದು ತಗಡಿನ ಪೆಟ್ಟಿಗೆ ಅಂಗಡಿ ಇಟ್ಟು ಬಿಡಿ ಎಣ್ಣೆ ಮಾರತೊಡಗಿದ. ಅದು ಪಾಮೋಲಿನ್, ಅಂದರೆ ಮಿಲ್ಲು ಮುಚ್ಚಿಸಿದ ತಾಳೆ ಎಣ್ಣೆಯೇ. ಊರಿನ ಜನ ಕೊಳ್ಳುತ್ತಿದ್ದುದು ಅದನ್ನೇ, ಅವನು ಮಾರಿದ್ದೂ ಅದನ್ನೇ. "ಬಾರಲೇ ಬೋರಣ್ಣ, ಇಬ್ರೂ ಸೇರಿ ಮಾಡಾಣ, ಡ್ರಮ್ಮು ಎತ್ತಕ್ಕೆ ನಂಗೊಬ್ಬನಿಗೆ ಆಗಲ್ಲ" ಎಂದು ಕರೆದ. ಭಾವನಿಗೆ ನೆತ್ತಿಗೇರಿತು.

"ನಮ್ ಹೊಟ್ಟೆ ಮೇಲೆ ಹೊಡ್ದ ಎಣ್ಣೆ ಮಾರ್ತೀಯಲ್ಲೋ, ನಾಚ್ಕೆ ಆಗಲ್ವಾ?"

"ಮಿಲ್ಲು ಮುಚ್ಚಿದ್ದಕ್ಕೆ ನಾ ಮಾರ್ತಿದೀನಿ ಕಣಲೇ. ನಾ ಮಾರಿದ್ದಕ್ಕೆ ಮಿಲ್ಲು ಮುಚ್ಚಲಿಲ್ಲ" ಎಂದ ದಸ್ತಗೀರ.

ಆ ಸಂಜೆ ಮನೆಯಲ್ಲಿ ಭಾವ ಇದನ್ನೇ ಹೇಳಿ ಹಾರಾಡುವಾಗ ನಾನೂ ಅಲ್ಲಿದ್ದೆ. ಕೈಯಲ್ಲಿ ಮೆಣಸಿನಕಾಯಿ ಬಜ್ಜಿ. ಅಕ್ಕ ಒಲೆಯ ಮುಂದಿನಿಂದಲೇ, "ನೀವು ಈಗ ತಿಂತಾ ಇರೋ ಬಜ್ಜಿ ಯಾವ ಎಣ್ಣೇದು ಅನ್ಕಂಡ್ರಿ? ರೇಷನ್ ಅಂಗಡಿಯಾಗೆ ಕೊಡೋದೇ ಅದು. ವರ್ಷದಿಂದ ಅದ್ನೇ ತಿಂತಿದೀರ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಭಾವ ಅರ್ಧ ತಿಂದ ಬಜ್ಜಿಯನ್ನು ತಟ್ಟೆಯಲ್ಲಿಟ್ಟು ಎದ್ದು ಹೋದ. ಅವತ್ತು ನಾನು ನಗಬಾರದಿತ್ತೇನೋ.

ಅವನು ಎದ್ದು ಹೋದದ್ದು ಲಕ್ಷ್ಮೀಕಾಂತನ ಹತ್ತಿರಕ್ಕೆ. ಈ ಲಕ್ಷ್ಮೀಕಾಂತ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಓದಿದವನು, ಮಾತುಗಾರ, ಅವನಿಗೂ ಕೆಲಸ ಹೋಗಿತ್ತು. ಚಿತ್ರದುರ್ಗಕ್ಕೆ ಹೋಗಿಬಂದು ಒಂದು ಸಂಘದ ಶಾಖೆ ತಂದಿದ್ದ. ಅದಕ್ಕೆ ಉದ್ದನೆಯ ಹೆಸರಿತ್ತು, ಊರವರು ಸುಮ್ಮನೆ 'ಪಡೆ' ಎನ್ನುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಮಿಲ್ಲಿನಿಂದ ಹೊರಬಿದ್ದ ಹಮಾಲರು, ಡ್ರೈವರುಗಳು, ಶೇಂಗಾ ಬಿಟ್ಟು ಬೇರೆ ಬೆಳೆ ತಿಳಿಯದ ಹುಡುಗರು, ಎಲ್ಲರಿಗೂ ಸಂಜೆ ಕೂರಲು ಒಂದು ಜಾಗ ಸಿಕ್ಕಿತು. ಅಲ್ಲಿ ಚಹಾ ಕೊಡುತ್ತಿದ್ದರು, ಮೈದಾನದಲ್ಲಿ ಕಸರತ್ತು ಮಾಡಿಸುತ್ತಿದ್ದರು, ಹೆಗಲಿಗೊಂದು ಬಣ್ಣದ ಶಾಲು ಹಾಕುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಗತಿ ಹೀಗಾದದ್ದು ಯಾರಿಂದ ಎಂದು ಬೆರಳು ಮಾಡಿ ತೋರಿಸುತ್ತಿದ್ದರು.

"ತಾಳೆ ಎಣ್ಣೆ ಎಲ್ಲಿಂದ ಬರುತ್ತೆ ಗೊತ್ತೇನ್ರಿ? ಮಲೇಷಿಯಾದಿಂದ. ಅದು ಯಾರ ದೇಶ? ಅದನ್ನ ಇಲ್ಲಿ ಮಾರ್ತಿರೋರು ಯಾರು?" ಇಷ್ಟೇ ಲಕ್ಷ್ಮೀಕಾಂತನ ಭಾಷಣ. ತರಿಸಿಕೊಂಡವರು ಯಾರು, ಸುಂಕ ಇಳಿಸಿದವರು ಯಾರು, ಬಂದರಿನಲ್ಲಿ ದುಡ್ಡು ಮಾಡಿದವರು ಯಾರು ಎಂದು ಅವನು ಹೇಳುತ್ತಿರಲಿಲ್ಲ, ಇವರು ಕೇಳುತ್ತಲೂ ಇರಲಿಲ್ಲ.

ನಾನು ಭಾವನಿಗೆ ಹೇಳಿದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತಲ್ಲ ಭಾವ ಇದು."

ಭಾವ ನನ್ನ ಮುಖ ನೋಡಿ, ಬಹಳ ನಿಧಾನವಾಗಿ ಅಂದ. "ಎತ್ತು ನಮ್ ಕೈಗೆ ಸಿಗಲ್ಲಪ್ಪ ಮೇಷ್ಟ್ರೇ, ಅದು ಡೆಲ್ಲಿಯಾಗೈತೆ. ಎಮ್ಮೆ ಇಲ್ಲೇ ಐತೆ."

ಮಕ್ಕಳಿಗೆ ಗಾದೆ ಕಲಿಸುವ ಮೇಷ್ಟ್ರಿಗೆ ಗಾದೆಯಿಂದಲೇ ಉತ್ತರ ಕೊಟ್ಟಿದ್ದ. ಆ ಉತ್ತರದಲ್ಲಿ ಅವನ ಕಷ್ಟ ಎಷ್ಟಿತ್ತು ಎಂಬುದು ನನಗೆ ಈಗ ಅರ್ಥವಾಗುತ್ತದೆ. ಆಗ ಬರೀ ಸಿಟ್ಟು ಬಂದಿತ್ತು.

ಮಾತು ಬದಲಾಗುವುದನ್ನು ಅಕ್ಕ ಮೊದಲು ಗಮನಿಸಿದಳು. ದಸ್ತಗೀರನನ್ನು ಯಾವಾಗಲೂ 'ದಸ್ತು' ಎನ್ನುತ್ತಿದ್ದ ಭಾವ ಈಗ 'ಅವ್ರು' ಎನ್ನತೊಡಗಿದ. "ಅವ್ರ ಮನೆಯಿಂದ ಏನೂ ಇಸ್ಕೋಬೇಡ" ಎಂದ. ಮಗಳು ರಮ್ಯಾಳನ್ನು ಹೊಸದುರ್ಗಕ್ಕೆ ಕೊಟ್ಟಾಗ ಮದುವೆ ಮನೆಯ ಚಪ್ಪರ ಕಟ್ಟಿದವನು ದಸ್ತಗೀರ. ಅದೇ ಮಗಳ ಸೀಮಂತಕ್ಕೆ ಅವನನ್ನು ಕರೆಯಲಿಲ್ಲ. ಅಕ್ಕ ಹಿತ್ತಲ ಬಾಗಿಲಿನಿಂದ ಮಾಬುಬಿಯ ಕೈಗೆ ಹೋಳಿಗೆ ದಾಟಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ರಂಜಾನ್ ತಿಂಗಳು ಕೂಗಿಲ್ಲದೆ ಕಳೆದವು.

ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ ಲಕ್ಷ್ಮೀಕಾಂತ ಮನೆಗೇ ಬಂದ. ಮಿಲ್ಲು ತೆರೆಯಬೇಕೆಂದು ಗೇಟಿನ ಮುಂದೆ ಸಭೆ, ಆಮೇಲೆ ತಹಶೀಲ್ದಾರರಿಗೆ ಮನವಿ. "ಬೋರಣ್ಣೋರೆ, ನೀವು ಬಾಯ್ಲರು ಹಚ್ಚಿ ನಾಲ್ಕು ಗಂಟೆಗೆ ಸರಿಯಾಗಿ ಒಂದು ಕೂಗು ಹಾಕಿಸ್ರಿ ಸಾಕು. ಮಿಲ್ಲು ಕೂಗಿತು ಅಂದ್ರೆ ಊರೇ ಬರುತ್ತೆ."

ಅಕ್ಕ ಹೇಳುತ್ತಾಳೆ, ಮದುವೆ ದಿನವೂ ಅವನ ಮುಖ ಅಷ್ಟು ಬೆಳಗಿರಲಿಲ್ಲವಂತೆ. ಪಡೆಯ ಭಾಷಣವೆಲ್ಲ ಅವನಿಗೆ ಆ ಕ್ಷಣ ಮರೆತೇ ಹೋಗಿರಬೇಕು. ಮತ್ತೊಮ್ಮೆ ಒಲೆ ಹಚ್ಚುವುದು, ಉಗಿಯ ಒತ್ತಡ ತೋರಿಸುವ ಮುಳ್ಳು ಏರುವುದನ್ನು ನೋಡುವುದು, ಸರಪಳಿ ಎಳೆಯುವುದು. ಬೆಳಕು ಹರಿಯುವ ಮೊದಲೇ ಎದ್ದು, ಮಿಂದು, ಕೀಲಿಕೈಗೆ ಕುಂಕುಮ ಹಚ್ಚಿ ಹೊರಟ.

ಆದರೆ ಎರಡು ವರ್ಷ ತಣ್ಣಗೆ ಕೂತ ಬಾಯ್ಲರು ಕರೆದ ಕೂಡಲೇ ಏಳುವುದಿಲ್ಲ. ಮಳೆಗಾಲದಲ್ಲಿ ಸೂರು ಸೋರಿ ಶೇಂಗಾ ಹೊಟ್ಟು ಪೂರ್ತಿ ಒದ್ದೆಯಾಗಿತ್ತು. ಹೊಗೆ ಬಂತು, ಉರಿ ಬರಲಿಲ್ಲ. ಎರಡು ಕಡೆ ಉಗಿ ಸೋರುತ್ತಿತ್ತು. ಹಳೆಯ ದಿನಗಳಾಗಿದ್ದರೆ ದಸ್ತಗೀರ ಸ್ಪ್ಯಾನರು ಹಿಡಿದು ಬರುತ್ತಿದ್ದ. ಅವನು ಗೋಡೆಯಾಚೆಗೇ ಇದ್ದ, ಭಾವ ಕರೆಯಲಿಲ್ಲ. ತಾನೇ ಸೆಣಬು ಸುತ್ತಿ, ಕೈ ಸುಟ್ಟುಕೊಂಡು ಬಿಗಿದ. ನಾಲ್ಕಾಯಿತು, ಐದಾಯಿತು, ಮುಳ್ಳು ಮೇಲೇಳಲಿಲ್ಲ.

ಹೊರಗೆ ಜನ ಸೇರಿಯೇ ಇದ್ದರು. ಕೂಗಾದ ಮೇಲೆ ತಹಶೀಲ್ದಾರರ ಕಚೇರಿಗೆ ಹೊರಡುವುದೆಂದು ಮಾತಾಗಿತ್ತು. ಕೂಗಿಲ್ಲ, ಹಾಗಾಗಿ ಭಾಷಣ ಮುಂದುವರಿಯಿತು. ಒಬ್ಬ ಇಳಿದರೆ ಇನ್ನೊಬ್ಬ ಹತ್ತಿದ. ಮಿಲ್ಲಿನ ವಿಷಯ ಮುಗಿದು ಮಲೇಷಿಯಾ ಬಂತು, ಮಲೇಷಿಯಾ ಮುಗಿದು ಎದುರಿಗೇ ಇದ್ದ ತಗಡಿನ ಅಂಗಡಿ ಬಂತು. ಕೆಲವರು ಆಗಲೇ ಹೋಗಿ ಕುಡಿದು ಬಂದಿದ್ದರು. ಅಷ್ಟು ಹೊತ್ತಿಗೆ ಕಚೇರಿಯೂ ಮುಚ್ಚಿತ್ತು, ಮನವಿ ಲಕ್ಷ್ಮೀಕಾಂತನ ಜೇಬಿನಲ್ಲೇ ಉಳಿಯಿತು. ದಸ್ತಗೀರ ಉಪವಾಸ ಬಿಡಲು ಅಂಗಡಿ ಮುಚ್ಚಿ ಮನೆಗೆ ಹೋಗಿದ್ದ.

ಒಳಗೆ ಭಾವನಿಗೆ ಇದು ಯಾವುದೂ ಕೇಳಿಸಲಿಲ್ಲ. ಉರಿ ಹಿಡಿದಿತ್ತು. ಗಾಜಿನ ಹಿಂದೆ ಮುಳ್ಳು ನಡುಗಿ ಏರತೊಡಗಿತ್ತು. ಅದು ಕೆಂಪು ಗೆರೆಯ ಹತ್ತಿರ ಬರುತ್ತಿದ್ದಂತೆ ಅವನು ಸರಪಳಿಗೆ ಜೋತುಬಿದ್ದ. ಹೊತ್ತೆಷ್ಟು ಎಂದು ನೋಡಲಿಲ್ಲ. ಟ್ಯಾಂಕಿನ ಏಣಿಯ ನೆನಪಾಗಲಿಲ್ಲ. ಅದು ರಂಜಾನ್ ತಿಂಗಳು ಎಂಬುದೇ ನೆನಪಾಗಲಿಲ್ಲ. ಕೂಗು ಮುಗಿಯುವ ತನಕ ಅಳುತ್ತಲೇ ಇದ್ದೆ ಎಂದು ಅವನೇ ನನಗೆ ಹೇಳಿದ್ದಾನೆ.

ಅಕ್ಕ ಆಗ ಮನೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರು ಬಾಗಿಲಲ್ಲಿ ದಸ್ತಗೀರ ಎದ್ದು ನಿಂತ. ಅವನ ಮುಖ ಮಗುವಿನ ಮುಖವಾಗಿತ್ತಂತೆ. "ಕೇಳಿದ್ಯೇನಮ್ಮ ಚಂದ್ರಕ್ಕ? ನಮ್ ಬೋರಣ್ಣ ಕೂಗಿಸಿದ! ಎರಡು ವರ್ಷ ಆದ್ಮೇಲೆ ಕೂಗಿಸಿದ!" ಎಂದವನೇ ತಟ್ಟೆಯಲ್ಲಿದ್ದ ಖರ್ಜೂರ ಬಾಯಿಗೆ ಹಾಕಿಕೊಂಡ. ಮಾಬುಬಿ ಒಳಗಿನಿಂದ, "ಇನ್ನೂ ಮಸೀದೀಲಿ ಬಾಂಗ್ ಆಗಿಲ್ಲಲ್ರೀ" ಎಂದಳು. "ಮೈಕು ತಡ ಆಗಿರ್ತೈತೆ, ಬೋರಣ್ಣ ಮುಂಚೆ ಕೂಗಿಸೋನಲ್ಲ" ಎಂದು ಅವನು ಗಂಜಿಯ ಡಬ್ಬಿ ತುಂಬಿಕೊಂಡು ಹೊರಟ. ಸೂರಿನ ಹೆಂಚಿನ ಮೇಲೆ ಇನ್ನೂ ಬಿಸಿಲಿತ್ತು. ಅಕ್ಕ ಅದನ್ನು ನೋಡಿದ್ದಳು. ಎರಡು ಮನೆ ಮತ್ತೆ ಒಂದಾಗುತ್ತವೆ ಎಂಬ ಸಂತೋಷದಲ್ಲಿ ಅದರ ಅರ್ಥ ಅವಳಿಗೆ ಹೊಳೆಯಲಿಲ್ಲ.

ಕೂಗು ಕೇಳಿದ್ದೇ ಗೇಟಿನ ಮುಂದಿದ್ದವರು ಅಂಗಡಿಗೆ ನುಗ್ಗಿದರು. ತಗಡು ಕಿತ್ತರು, ಡ್ರಮ್ಮು ಉರುಳಿಸಿದರು, ಎಣ್ಣೆ ರಸ್ತೆಗೆ ಹರಿಯಿತು. ಅದೇ ಹೊತ್ತಿಗೆ ತಿರುವಿನಲ್ಲಿ ದಸ್ತಗೀರ ನಗುತ್ತಾ ಬಂದ, ಕೈಯಲ್ಲಿ ಡಬ್ಬಿ. ಯಾರ ಕಲ್ಲು ಎಂದು ಯಾರೂ ಹೇಳಲಿಲ್ಲ. ಹಣೆಗೂ ಎಡಗಣ್ಣಿಗೂ ಸೇರಿ ಬಿತ್ತು.

ಭಾವ ಮೈಯೆಲ್ಲ ಮಸಿ ಮಾಡಿಕೊಂಡು, ಊರೇ ತನ್ನ ಕೂಗಿಗೆ ಬಂದಿದೆ ಎಂದು ಹಿಗ್ಗಿ ಗೇಟಿಗೆ ಬಂದಾಗ ಜನ ಚದುರುತ್ತಿದ್ದರು. ಎಣ್ಣೆಯ ನಡುವೆ ಗಂಜಿ ಚೆಲ್ಲಿತ್ತು. ಡಬ್ಬಿಯ ಗುರುತು ಅವನಿಗೆ ಮೊದಲು ಹತ್ತಿತು, ಬಿದ್ದವನ ಗುರುತು ಆಮೇಲೆ. ಆಗ ಮಸೀದಿಯ ಮೈಕಿನಲ್ಲಿ ಬಾಂಗ್ ಶುರುವಾಯಿತಂತೆ. ಅದು ಕೇಳಿದ ಮೇಲೆ ತಾನು ಮಾಡಿದ್ದು ಏನೆಂದು ಅವನಿಗೆ ತಿಳಿಯಿತು. ಅಲ್ಲೇ ಎಣ್ಣೆಯಲ್ಲಿ ಕುಸಿದು ಕೂತ.

ದಸ್ತಗೀರನನ್ನು ನೋಡಲು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ನಾನೇ ಭಾವನನ್ನು ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದ. ಬೈದು ಎಬ್ಬಿಸಿದೆ. ದಸ್ತಗೀರನ ಅರ್ಧ ಮುಖಕ್ಕೆ ಬ್ಯಾಂಡೇಜು ಇತ್ತು. ಭಾವ ಮಂಚದ ಕಾಲ ಹತ್ತಿರ ನಿಂತ, ಮುಂದೆ ಹೋಗಲಿಲ್ಲ. ದಸ್ತಗೀರನೇ ಮಾತಾಡಿದ.

"ಬೋರಣ್ಣ, ಟೈಮಿಗೆ ಸರಿಯಾಗಿ ಕೂಗಿಸಿದ್ಯೇನೋ?"

"ಹ್ಞೂ ಕಣೋ. ಹೊತ್ತು ಮುಳುಗಿತ್ತು" ಎಂದ ಭಾವ.

"ಅಷ್ಟೇ ಬಿಡು" ಎಂದು ದಸ್ತಗೀರ ಕಣ್ಣು ಮುಚ್ಚಿದ.

ಮರುದಿನ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ಆ ಕೂಗು ಜನ ಸೇರಿಸಲು ಹಾಕಿಸಿದ್ದೋ ಎಂಬುದೇ ಅವರ ಮುಖ್ಯ ಪ್ರಶ್ನೆ. ದಸ್ತಗೀರ, "ಇಲ್ಲ ಸಾರ್, ಅದು ನಮ್ಮ ರೋಜಾ ಉಪವಾಸ ಬಿಡಕ್ಕೆ. ಯಾವಾಗ್ಲೂ ಬೋರಣ್ಣನೇ ಕೂಗಿಸೋದು" ಎಂದು ಹೇಳಿ ಬರೆಸಿದ. ಆ ಒಂದು ಮಾತಿನಿಂದ ಭಾವ ಕೇಸಿನಿಂದ ಹೊರಗುಳಿದ. ಲಕ್ಷ್ಮೀಕಾಂತ ಒಂದಷ್ಟು ದಿನ ತಲೆಮರೆಸಿಕೊಂಡು, ಆಮೇಲೆ ಹಾರ ಹಾಕಿಸಿಕೊಂಡು ವಾಪಸು ಬಂದ. ಮುಂದೆ ಪುರಸಭೆಗೂ ಗೆದ್ದ. ಈಗ ಅವನದು ಕಿರಾಣಿ ಹೋಲ್‌ಸೇಲ್ ಅಂಗಡಿ. ಅಲ್ಲಿ ಪಾಮೋಲಿನ್ ಪ್ಯಾಕೆಟ್ಟುಗಳನ್ನು ಸೂರಿನ ತನಕ ಜೋಡಿಸಿದ್ದಾರೆ. ಅವನನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಭಾವ ಪಡೆಯ ಶಾಲನ್ನು ಒಲೆಗೆ ಹಾಕಿದ. ಕೀಲಿಕೈ ಸಾಹುಕಾರರಿಗೆ ಕಳಿಸಿದ. ತಾನು ಮುಂಚೆ ಕೂಗಿಸಿದ್ದು ದಸ್ತಗೀರನಿಗೆ ಗೊತ್ತಿಲ್ಲ, ತನ್ನ ಮಾತನ್ನು ಅವನು ನಂಬಿದ್ದಾನೆ ಎಂಬ ಒಂದೇ ಆಸರೆಯ ಮೇಲೆ ಆ ವಾರಗಳನ್ನು ನೂಕಿದ. "ಅವ್ನಿಗೆ ಗೊತ್ತಾಗ್ದಂಗೆ ಇರ್ಲಪ್ಪ ಮೇಷ್ಟ್ರೇ, ಅಷ್ಟು ಸಾಕು ನಂಗೆ" ಎಂದು ನನ್ನ ಕೈ ಹಿಡಿದು ಹೇಳಿದ್ದ.

ರಂಜಾನ್ ಹಬ್ಬ ಮುಗಿದು ತಿಂಗಳಾಗಿತ್ತು. ದಸ್ತಗೀರ ಒಂದು ಕಣ್ಣು ಕಳೆದುಕೊಂಡು ಮನೆಗೆ ಬಂದಿದ್ದ. ನಾನೂ ಆ ಭಾನುವಾರ ಅಕ್ಕನ ಮನೆಯಲ್ಲಿದ್ದೆ. ಭಾವ ಧೈರ್ಯ ಮಾಡಿ ಒಂದು ಲೋಟ ಚಹಾ ಹಿಡಿದು ಎದುರು ಮನೆಗೆ ಹೋದ, ನಾನು ಹಿಂದೆ. ದಸ್ತಗೀರ ಒಳಗೆ ಮಲಗಿದ್ದ. ಮಾಬುಬಿ ಬಾಗಿಲಿಗೆ ಬಂದು, "ಬರ್ರಿ, ಕುಂತ್ಕಳ್ರಿ. ಚಾ ಬೇಡ ಅಣ್ಣ, ಅವ್ರಿವತ್ತು ರೋಜಾ ಇದಾರೆ" ಎಂದಳು.

"ಹಬ್ಬ ಮುಗೀತಲ್ಲಮ್ಮ, ಈಗೆಂಥ ರೋಜಾ?" ಎಂದ ಭಾವ.

ಮಾಬುಬಿ ದನಿ ತಗ್ಗಿಸಿದಳು. "ಆಸ್ಪತ್ರೇಲಿ ತಪ್ಪಿಹೋದ ರೋಜಾ ಎಲ್ಲ ಆಮೇಲೆ ಹಿಡಿದು ತೀರಿಸಿ ಆತು. ಅದ್ಕಿಂತ ಹಿಂದಿನ ದಿನದ್ದು, ಕಲ್ಲು ಬಿದ್ದ ದಿನದ್ದು, ಒಂದು ಉಳಿದಿತ್ತು. ಹೊತ್ತು ಮುಳುಗಕ್ಕೆ ಮುಂಚೆ ಬಿಟ್ಟಿದ್ರಲ್ಲ, ಅದು ಲೆಕ್ಕಕ್ಕಿಲ್ಲ. ಅದ್ನ ಇವತ್ತು ತೀರಿಸ್ತಿದಾರೆ."

ನಾನು ಭಾವನ ಕೈಯ ಲೋಟ ಇಸಿದುಕೊಂಡೆ. ಅವನು ಮನೆಗೆ ಹೋಗಲಿಲ್ಲ, ಅವರ ಜಗುಲಿಯ ಅಂಚಿನಲ್ಲೇ ಸಂಜೆಯ ತನಕ ಕೂತ. ಒಳಗೆ ಕರೆದರೂ ಹೋಗಲಿಲ್ಲ, ಅಕ್ಕ ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆ ಮಸೀದಿಯಿಂದ ಬಾಂಗ್ ಕೇಳಿತು. ಕೇರಿಯಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿತು. ದಸ್ತಗೀರ ಕೈಯಲ್ಲಿ ಖರ್ಜೂರ ಹಿಡಿದು ಹೊರಗೆ ಬಂದ. ಬಾಯಿಗೆ ಹಾಕಿಕೊಳ್ಳಲಿಲ್ಲ. ಜಗುಲಿಯಿಂದ ಬೀದಿಗೆ ಇಳಿದು, ಉಳಿದ ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು, ಪಡುವಣ ದಿಕ್ಕನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಲ್ಲೇ ಕೂತಿದ್ದ ಭಾವನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ತಪ್ಪು ತಿಳ್ಕಬೇಡ ಬೋರಣ್ಣ" ಎಂದ. "ಈಗ ಯಾರು ಕೂಗಿದ್ರೂ ನಾನೊಂದ್ಸಲ ನೋಡ್ಕಂತೀನಿ."